ಮಾವನ ಸಿಗರೇಟು, ನನ್ನ ಹಾರನ್

ಮಾರ್ಚ್ ೧೧, ಮಂಗಳವಾರ

ಇವತ್ತು ಮಾವ ನನ್ನ ಕಣ್ಣು ತಪ್ಪಿಸಿಕೊಂಡರು.

ಎದೆನೋವು ಬಂದ ಮೇಲೆ ಡಾಕ್ಟರು ಅವರಿಗೆ ಸಿಗರೇಟು ಬೇಡವೇ ಬೇಡ ಎಂದಿದ್ದಾರೆ. ಮನೆಯೊಳಗೆ ನನ್ನ ಹೆಂಡತಿಯ ಕಾವಲು, ತಾರಸಿಗೆ ನನ್ನದು. ನಾನು ಕಟ್ಟಡ ಕಟ್ಟುವ ಕಡೆ ಟವರ್ ಕ್ರೇನ್ ನಡೆಸುವವನು; ಅದರ ನೆತ್ತಿಯ ಗೂಡಿನಲ್ಲಿ ಕೂತವನಿಗೆ ನಮ್ಮ ತಾರಸಿ ಅಂಗೈಯಷ್ಟು ಸ್ಪಷ್ಟ. ಅವರು ಕಡ್ಡಿ ಗೀರಿದರೆ ನಾನು ಹಾರನ್ ಒತ್ತುತ್ತೇನೆ. ಅವರು ಬೆಚ್ಚಿ ಆಕಾಶ ನೋಡಿ ಸಿಗರೇಟು ಎಸೆಯುತ್ತಾರೆ. ಕೆಳಗಿನ ಮೇಸ್ತ್ರಿಯೂ ಬೆಚ್ಚುತ್ತಾನೆ: "ಲೇ ಮಾರಾಯ, ಕೊಕ್ಕೇಲಿ ಏನೂ ಇಲ್ಲ, ಯಾರಿಗೋ ಹಾರನ್ನು?"

ಮಾವ ಇದನ್ನು ದೇವರ ಎಚ್ಚರಿಕೆ ಎಂದುಕೊಂಡಿದ್ದಾರೆಂದು ನಾನು ನಂಬಿದ್ದೆ.

ಈ ಊರಿನ ಕಟ್ಟಡಗಳಿಗೋ, ಪಕ್ಕದವನಿಗಿಂತ ಒಂದು ಗೇಣು ಎತ್ತರ ಕಾಣುವ ಚಪಲ. ಇವತ್ತು ನನ್ನ ಕ್ರೇನಿಗೂ ನಮ್ಮ ಮನೆಗೂ ನಡುವಿನ ಕಟ್ಟಡ ಇನ್ನೊಂದು ಮಹಡಿ ಎದ್ದು, ನಮ್ಮ ತಾರಸಿ ಮರೆಯಾಯಿತು. ದಿನವಿಡೀ ನನಗೆ ಮುಳ್ಳಿನ ಮೇಲೆ ಕೂತಂತಾಗಿತ್ತು.

ಊಟಕ್ಕೆ ಕೂತಾಗ ಮಾವನ ಮುಖ ಮದುಮಗನ ಹಾಗಿತ್ತು.

"ಅಳಿಯಂದಿರೇ, ಆ ನಡುವಿನ ಕಟ್ಟಡದವರು ಭಾರಿ ಚುರುಕು ಕಣ್ರೀ," ಎಂದರು. "ನಿಮ್ಮವರ ಹಾಗೆ ಸುಮ್‌ಸುಮ್ನೆ ಹಾರನ್ನೂ ಹೊಡೆಯಲ್ಲ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ನಾಳೆ ಬೆಳಿಗ್ಗೆ ನಮ್ಮ ಕ್ರೇನನ್ನು ಮೂರು ಮಹಡಿ ಮೇಲಕ್ಕೇರಿಸುತ್ತಾರೆ. ಮಾವನಿಗೆ ಹೇಳಲಿಲ್ಲ. ಪಾಪ, ಇದೊಂದು ರಾತ್ರಿ ನೆಮ್ಮದಿಯಾಗಿ ಮಲಗಲಿ.