ಬೋರ್ಡಮ್ಮನ ಮ್ಯಾಚ್ ಮಾತ್ರೆ

ಹಾಗಾದರೆ ಈ ಭಾನುವಾರದ ಫೈನಲ್‌ನಲ್ಲೂ ಸ್ಕೋರ್ ಬೋರ್ಡಿನ ಕೋಣೆಗೆ ಹೊರಗಡೆಯಿಂದ ಚಿಲಕ ಹಾಕಿಸುವುದೇ ನಿಮ್ಮ ಕೊನೆಯ ಮಾತು ಅಂತಾಯಿತು, ಮಾನ್ಯ ಕ್ರೀಡಾಂಗಣ ವ್ಯವಸ್ಥಾಪಕರೇ. ನನ್ನ ಅರ್ಜಿಗೆ ನಿಮ್ಮ ಕಚೇರಿಯ ಉತ್ತರ ಕೈಸೇರಿತು. "ಆಟ ನಡೆಯುವಾಗ ಸ್ಕೋರ್ ಬೋರ್ಡಿನ ಸಿಬ್ಬಂದಿ ಸ್ಥಾನ ಬಿಡತಕ್ಕದ್ದಲ್ಲ. ಸಿಬ್ಬಂದಿಯ ಖಾಸಗಿ ಔಷಧೋಪಚಾರಕ್ಕೆ ಕಚೇರಿ ಹೊಣೆಯಲ್ಲ." ಎಷ್ಟು ಅಚ್ಚುಕಟ್ಟಾದ ಕನ್ನಡ! ನಮ್ಮ ಅಭಿಮಾನಿಗಳ ಗುಂಪಿನಲ್ಲಿ ಎಂಥೆಂಥ ಒರಟು ಮೆಸೇಜುಗಳನ್ನು ಓದಿ ನಕ್ಕು ಬಿಟ್ಟವಳು ನಾನು. ನಿಮ್ಮ ಈ ಸಭ್ಯವಾದ ಎರಡು ಸಾಲನ್ನು ಮಾತ್ರ ನಕ್ಕು ಬಿಡಲಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಉದ್ದವಾಗುತ್ತದೆ. ದಯವಿಟ್ಟು ಬೆರಳಲ್ಲಿ ಮೇಲೆ ಜಾರಿಸಿಬಿಡಬೇಡಿ.

ಈ ಪತ್ರವನ್ನು ಎಲ್ಲರೂ ಓದಲಿ ಅಂತಲೇ ಬರೆಯುತ್ತಿದ್ದೇನೆ, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಬೇಕು. ನಮ್ಮ ಫುಟ್‌ಬಾಲ್ ಮೈದಾನದ ಸ್ಕೋರ್ ಬೋರ್ಡ್ ಇನ್ನೂ ಕೈಯಿಂದಲೇ ನಡೆಯುತ್ತದೆ. ಪೂರ್ವದ ಗ್ಯಾಲರಿಯ ನೆತ್ತಿಯ ಮೇಲೆ ಒಂದು ತಗಡಿನ ಕೋಣೆ. ಅದರೊಳಗೆ ಇಬ್ಬರು. ಒಬ್ಬರು ದೊಡ್ಡ ಗಡಿಯಾರದ ಮುಳ್ಳು ತಿರುಗಿಸುವ ಅಣ್ಣ. ಇನ್ನೊಬ್ಬಳು ಗೋಲು ಬಿದ್ದಾಗ ಅಂಕಿಯ ತಗಡನ್ನು ಕೊಕ್ಕೆಗೆ ನೇತುಹಾಕುವವಳು, ನನ್ನ ಚಿಕ್ಕಮ್ಮ. ಗ್ಯಾಲರಿಯಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಅವಳು ಬೋರ್ಡಮ್ಮ. ಗೋಲು ಬಿದ್ದ ಕೂಡಲೇ ನಾವೆಲ್ಲ ಆಟಗಾರರನ್ನು ಬಿಟ್ಟು ಅವಳ ಕಡೆ ತಿರುಗಿ "ಹಾಕಮ್ಮಾ, ಹಾಕಮ್ಮಾ" ಎಂದು ಕೂಗುತ್ತೇವೆ. ಅವಳು ಬೇಕೆಂದೇ ಒಂದು ಕ್ಷಣ ತಡೆದು, ನಮ್ಮ ಗಂಟಲು ಹರಿಯುವವರೆಗೆ ಆಟ ಆಡಿಸಿ, ಆಮೇಲೆ ತಗಡನ್ನು ಠಣ್ ಅಂತ ಸಿಕ್ಕಿಸುತ್ತಾಳೆ. ನನ್ನ ಪಾಲಿಗೆ ಗೋಲು ಆಗುವುದು ಆ ಸದ್ದಿನಲ್ಲಿ.

ಆ ಕೋಣೆಗೆ ಹತ್ತುವ ಕಬ್ಬಿಣದ ಮೆಟ್ಟಿಲಿನ ಬುಡದಲ್ಲಿ ಒಂದು ಬಾಗಿಲಿದೆ. ಆಟ ಶುರುವಾಗುವ ಸೀಟಿ ಊದಿದ ಮೇಲೆ ಗಾರ್ಡ್ ಅದಕ್ಕೆ ಹೊರಗಡೆಯಿಂದ ಚಿಲಕ ಹಾಕುತ್ತಾರೆ, ಮುಗಿಯುವ ಸೀಟಿಗೆ ತೆಗೆಯುತ್ತಾರೆ. ಈ ಪದ್ಧತಿ ಹುಟ್ಟಿದ್ದು ನಮ್ಮ ಅಭಿಮಾನಿಗಳ ಕೃಪೆಯಿಂದ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಾನು ಹುಟ್ಟುವ ಮೊದಲು ಯಾರೋ ಒಬ್ಬ ಮಹಾಶಯ ಮೇಲೆ ನುಗ್ಗಿ, ಸೋಲುತ್ತಿದ್ದ ನಮ್ಮ ತಂಡಕ್ಕೆ ಒಂಬತ್ತು ಗೋಲು ಕೊಟ್ಟು ಇಳಿದನಂತೆ. ನಗು ಬರುತ್ತದೆ. ಆದರೆ ಕಳ್ಳ ಹೊರಗಿನಿಂದ ಬರುತ್ತಾನೆ ಎಂದು ಮನೆಯವರನ್ನು ಒಳಗೆ ಕೂಡಿಹಾಕಿ ಬೀಗ ಹಾಕುವುದು ಯಾವ ಸೀಮೆಯ ಕಾವಲು, ಮಾನ್ಯರೇ? ಒಳಗಿನಿಂದ ಚಿಲಕ ಇಟ್ಟರೂ ನುಗ್ಗುವವನು ನಿಲ್ಲುತ್ತಾನಲ್ಲವೇ?

ಈಗ ವಿಷಯಕ್ಕೆ ಬರುತ್ತೇನೆ. ಚಿಕ್ಕಮ್ಮನಿಗೆ ಮೂತ್ರಕೋಶದ ತೊಂದರೆ ಇದೆ. ತುಂಬುವ ಮೊದಲೇ ತುಂಬಿತು ಎನ್ನುವ ಮೂತ್ರಕೋಶ. ಬಂತು ಅಂದರೆ ಬಂತು, ತಡೆಯುವ ಮಾತಿಲ್ಲ. ಇದನ್ನು ಪತ್ರದಲ್ಲಿ ಬರೆಯುತ್ತೇನೆ ಎಂದಾಗ ಅವಳು ಮೊದಲು ನನ್ನ ಕಿವಿ ಹಿಂಡಿದಳು, ಆಮೇಲೆ "ಬರಿ. ನನ್ನ ಥರ ಬಾಯಿ ಮುಚ್ಕೊಂಡಿರೋರು ಎಷ್ಟು ಜನ ಇದ್ದಾರೋ" ಅಂದಳು. ವೈದ್ಯರು ಅವಳಿಗೆ "ನಿಮ್ಮ ಮೂತ್ರಕೋಶ ಅತಿ ಚುರುಕಮ್ಮಾ" ಎಂದು ವಿವರಿಸಿದ ದಿನ ಮನೆಗೆ ಬಂದು, "ನೋಡೇ, ಈ ಮನೇಲಿ ಚುರುಕಾಗಿರೋದು ಅದೊಂದೇ ಅಂತೆ" ಎಂದು ನಮ್ಮನ್ನೆಲ್ಲ ನಗಿಸಿದ್ದಳು. ಮಾತ್ರೆ ಬರೆದುಕೊಟ್ಟಿದ್ದರು. ದಿನಕ್ಕೊಂದು, ಪ್ರತಿದಿನ, ಒಂದೇ ಹೊತ್ತಿಗೆ, ಇಡಿಯಾಗಿ ನೀರಿನ ಜೊತೆ ನುಂಗುವುದು.

ಅವಳು ಹಾಗೆ ನುಂಗಲಿಲ್ಲ. ನಿಮ್ಮಲ್ಲಿ ಕೆಲಸ ಮಾಡುವವರು ಮಾತ್ರ ಮಾಡಬಲ್ಲ ತಪ್ಪೊಂದನ್ನು ಮಾಡಿದಳು. ನಿಮ್ಮ ಮೈದಾನದಲ್ಲಿ ರಜೆ ಹಾಕದೆ ದುಡಿದರೆ ರಜೆ ಉಳಿಯುತ್ತದೆ, ಉಳಿದ ರಜೆ ಜಮಾ ಆಗುತ್ತದೆ, ಬೇಕಾದಾಗ ಒಟ್ಟಿಗೆ ತೆಗೆದುಕೊಳ್ಳಬಹುದು. ವರ್ಷಗಟ್ಟಲೆ ಆ ಲೆಕ್ಕದಲ್ಲೇ ಬದುಕಿದವಳು ಮಾತ್ರೆಗೂ ಅದೇ ಲೆಕ್ಕ ಹಾಕಿದಳು. ಆಟ ಇಲ್ಲದ ದಿನ ಮನೆಯಲ್ಲಿ ಬಚ್ಚಲು ಹತ್ತಿರವೇ ಇದೆಯಲ್ಲ, ಬಾಯಿ ಒಣಗಿಸುವ ಮಾತ್ರೆ ಯಾಕೆ? ಉಳಿಸಿದಳು. ಆಟದ ದಿನ ಉಳಿಸಿದ್ದನ್ನೂ ಸೇರಿಸಿ ನುಂಗಿದಳು. ಅದಕ್ಕೆ ಅವಳಿಟ್ಟ ಹೆಸರು ಮ್ಯಾಚ್ ಮಾತ್ರೆ. ಸಮವಸ್ತ್ರ ಹಾಕಿಕೊಳ್ಳುವುದು, ತಲೆ ಬಾಚುವುದು, ಮ್ಯಾಚ್ ಮಾತ್ರೆ ನುಂಗುವುದು. ಅದು ಸಾಲದು ಎಂದು ಆಟದ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದಳು. ಯಾಕೆ? ಮೇಲೆ ಹೋದ ಮೇಲೆ ಕೆಳಗಿಳಿಯುವ ಹಾಗಿಲ್ಲ. ಅಷ್ಟೇ. ನೀವು ಖಾಸಗಿ ಔಷಧೋಪಚಾರ ಎಂದಿರಿ. ಆ ಮಾತ್ರೆಯ ಪ್ರಮಾಣವನ್ನು ನಿಗದಿ ಮಾಡಿದ್ದು ನಿಮ್ಮ ಗಾರ್ಡಿನ ಕೈಯಲ್ಲಿರುವ ಚಿಲಕ.

ಸೆಮಿಫೈನಲ್ ದಿನ ನೆನಪಿದೆಯೇ? ನೀವು ಗಾಜಿನ ಕೋಣೆಯಲ್ಲಿ ಅತಿಥಿಗಳೊಂದಿಗೆ ತಂಪಾಗಿದ್ದಿರಿ. ಹೊರಗೆ ಬಿಸಿಲು ಹೇಗಿತ್ತೆಂದರೆ ಸೀಟಿನ ಮೇಲೆ ಕೂರಲಾಗದೆ ನಾವು ಇಡೀ ಮೊದಲರ್ಧ ನಿಂತೇ ನೋಡಿದೆವು. ಚಿಕ್ಕಮ್ಮನಿಗೆ ಬೆಳಗ್ಗೆಯಿಂದ ಮೂಗು ಸೋರುತ್ತಿತ್ತು. ಗಡಿಯಾರದಣ್ಣ ತಮ್ಮ ಜೇಬಿನಲ್ಲಿದ್ದ ನೆಗಡಿ ಮಾತ್ರೆಯನ್ನು ಪ್ರೀತಿಯಿಂದಲೇ ಕೊಟ್ಟಿದ್ದರು. ದ್ವಿತೀಯಾರ್ಧದಲ್ಲಿ ನಮ್ಮ ತಂಡದ ಎರಡನೇ ಗೋಲು ಬಿತ್ತು. "ಹಾಕಮ್ಮಾ, ಹಾಕಮ್ಮಾ" ಎಂದು ತಿರುಗಿದೆವು. ಒಂದರ ತಗಡು ಇಳಿಯಿತು. ಕೊಕ್ಕೆ ಖಾಲಿಯಾಗಿಯೇ ಉಳಿಯಿತು. ಆಟ ಆಡಿಸುತ್ತಿದ್ದಾಳೆ ಎಂದು ಎಲ್ಲರೂ ಇನ್ನೂ ಜೋರಾಗಿ ಕೂಗಿದರು. ಆಮೇಲೆ ಕೊಕ್ಕೆಗೆ ಬಂದದ್ದು ಐದು.

ಗ್ಯಾಲರಿ ಬಿದ್ದು ಬಿದ್ದು ನಕ್ಕಿತು. ಗುಂಪಿನಲ್ಲಿ ಮೆಸೇಜುಗಳ ಮಳೆ. "ಉಳಿದ ಮೂರು ಗೋಲು ಬೋರ್ಡಮ್ಮ ಹೊಡೆದ್ರಾ?" "ಫೈನಲ್‌ಗೂ ಇವರನ್ನೇ ಹಾಕಿ, ಕಪ್ ನಮ್ದೇ!" ನಾನು ಮಾತ್ರ ಬೋರ್ಡನ್ನೇ ನೋಡುತ್ತಾ ನಿಂತೆ. ಆ ಕೈ ತಪ್ಪು ತಗಡು ಹಿಡಿದದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ತಗಡಿನ ಹಿಂಬದಿಯಲ್ಲಿ ಅಂಕಿಯನ್ನು ಸೀಮೆಸುಣ್ಣದಲ್ಲಿ ಚಿಕ್ಕದಾಗಿ ಬರೆದಿರುತ್ತಾರೆ, ಒಳಗಿರುವವರು ಅದನ್ನು ಓದಿಯೇ ಎತ್ತುವುದು. ಅವಳಿಗೆ ಅದು ಕಾಣುತ್ತಿಲ್ಲ ಎಂದು ನನಗೆ ಹೊಳೆಯಿತು. ಓಡಿದೆ.

"ಅಣ್ಣಾ, ಬಾಗಿಲು ತೆಗೀರಿ. ಮೇಲೆ ನಮ್ಮ ಚಿಕ್ಕಮ್ಮಂಗೆ ಏನೋ ಆಗಿದೆ."

"ಸೀಟಿ ಆಗಲಿ ಕಣಮ್ಮ, ತೆಗೀತೀನಿ."

"ಐದು ಹಾಕಿದ್ದಾಳೆ, ನೋಡಿ! ಎರಡಕ್ಕೆ ಐದು!"

"ಅದಕ್ಕೇ ತೆಗೆಯಲ್ಲ. ನಿಮ್ಮ ಕಡೆಯವರು ಹತ್ತಿದ್ರೆ ಒಂಬತ್ತು ಹಾಕ್ತೀರಿ. ನನ್ನ ಕೆಲಸ ಹೋಗುತ್ತೆ."

ಅವರ ಮೇಲೆ ನನಗೆ ಕೋಪವಿಲ್ಲ. ಆದೇಶ ಅವರದ್ದಲ್ಲ. ಅಷ್ಟರಲ್ಲಿ ಒಳಗಿನಿಂದ ಗಡಿಯಾರದಣ್ಣ ಬಾಗಿಲು ಗುದ್ದಲು ಶುರುಮಾಡಿದರು. "ತೆಗೀರೋ! ಅಕ್ಕ ಏನೇನೋ ಮಾತಾಡ್ತಿದ್ದಾಳೆ! ಮೈ ಕಾದ ತಗಡಿನ ಥರ ಸುಡ್ತಿದೆ, ಒಂದು ಹನಿ ಬೆವರಿಲ್ಲ!" ಆಗ ಗಾರ್ಡ್ ನಿಮ್ಮ ಆದೇಶವನ್ನು ಮೀರಿ ಚಿಲಕ ತೆಗೆದರು. ಅವರಿಗೆ ಇದಕ್ಕಾಗಿ ನೀವು ನೋಟಿಸು ಕೊಟ್ಟಿದ್ದೀರಿ ಎಂದು ಕೇಳಿದೆ. ಅಭಿನಂದನೆಗಳು.

ಮೇಲೆ ಅವಳು ತಗಡುಗಳ ನಡುವೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಕೆಂಪಗೆ, ತುಟಿ ಒಡೆದು, ನಾಲಿಗೆ ಅಂಟಿಕೊಂಡು. ನನ್ನನ್ನು ನೋಡಿದಳು. "ನೀವು ಇಲ್ಲಿಗೆ ಬರಬಾರದು," ಅಂದಳು. "ಟಿಕೆಟ್ ಇದೆಯಾ? ಕೆಳಗೆ ಹೋಗಿ." ನನ್ನನ್ನು ಎತ್ತಿ ಆಡಿಸಿದವಳು, ಕಿವಿ ಹಿಂಡುವವಳು, "ಲೇ ಕೋತಿ" ಎಂದೇ ಕರೆಯುವವಳು ನನಗೆ ನೀವು ಎಂದಳು. ಆ ಕ್ಷಣದಿಂದ ನನ್ನೊಳಗೆ ಕೂತ ಹೆದರಿಕೆ ಇನ್ನೂ ಎದ್ದು ಹೋಗಿಲ್ಲ. ಈ ಪತ್ರ ಬರೆಯುತ್ತಿರುವುದು ನನಗಿಂತ ಹೆಚ್ಚಾಗಿ ಅದೇ.

ಆಸ್ಪತ್ರೆಯಲ್ಲಿ ಮೈ ತಣ್ಣಗಾಗಿಸಿದರು. ಇನ್ನೊಂದು ವಿಷಯ ಅಲ್ಲಿ ಗೊತ್ತಾಯಿತು. ತಡೆಯಲಾಗದೆ ಒದ್ದಾಡುತ್ತಿದ್ದವಳಿಗೆ ಈಗ ಮೂತ್ರ ಹೋಗುವುದೇ ನಿಂತುಬಿಟ್ಟಿತ್ತು. ಹೊಟ್ಟೆ ಕಲ್ಲಾಗಿತ್ತು, ನಳಿಕೆ ಹಾಕಿ ತೆಗೆದರು. ಮಾತು ಸರಿಹೋದ ಮೇಲೆ ವೈದ್ಯರು ಹಾಸಿಗೆಯ ಪಕ್ಕ ಕೂತು ಕೇಳಿದರು.

"ನಿನ್ನೆ ಮಾತ್ರೆ ತಗೊಂಡ್ರಾ?"

"ಇಲ್ಲ."

"ಮೊನ್ನೆ?"

"ಇಲ್ಲ ಡಾಕ್ಟ್ರೇ. ಡ್ಯೂಟಿ ಇರಲಿಲ್ವಲ್ಲ."

"ಇವತ್ತು?"

ಚಿಕ್ಕಮ್ಮ ನನ್ನ ಮುಖ ನೋಡಿದಳು. "ಎರಡು. ಒಂದನ್ನ ಜಜ್ಜಿ ಪುಡಿ ಮಾಡಿ ಹಾಕ್ಕೊಂಡೆ, ಬೇಗ ಹತ್ತಲಿ ಅಂತ."

ವೈದ್ಯರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಡ್ಯೂಟಿ ನಿಮಗಮ್ಮಾ, ಮಾತ್ರೆಗಲ್ಲ. ಅದಕ್ಕೆ ರಜೇನೂ ಇಲ್ಲ, ಜಮಾನೂ ಆಗಲ್ಲ. ಇದು ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಬಿಡೋ ಮಾತ್ರೆ. ಪುಡಿ ಮಾಡಿದ್ರೆ ದಿನದ್ದೆಲ್ಲ ಒಂದೇ ಸಲ ಮೈಗೆ ನುಗ್ಗುತ್ತೆ. ಅದರ ಜೊತೆಗೆ ಆ ನೆಗಡಿ ಮಾತ್ರೆ, ಅದೂ ಇದೇ ಜಾತಿ. ಎರಡೂ ಸೇರಿ ಬೆವರು ನಿಲ್ಲಿಸಿವೆ, ಕಣ್ಣು ಮಂಜಾಗಿಸಿವೆ, ತಲೆ ಕೆಡಿಸಿವೆ. ಮೇಲಿಂದ ಈ ಬಿಸಿಲು, ನೀರೂ ಕುಡಿದಿಲ್ಲ."

"ಮತ್ತೆ ಮೇಲೆ ಕೂತಾಗ ಬಂದ್ರೆ ಏನ್ಮಾಡ್ಲಿ, ನೀವೇ ಹೇಳಿ."

"ಎದ್ದು ಹೋಗಿ ಬನ್ನಿ."

ಚಿಕ್ಕಮ್ಮ ನಕ್ಕಳು. ಆಸ್ಪತ್ರೆಯಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ವೈದ್ಯರು ಹಳೆಯ ಮಾತ್ರೆ ನಿಲ್ಲಿಸಿದ್ದಾರೆ. ಪರೀಕ್ಷೆಗಳಾದ ಮೇಲೆ ಬೇರೆ ಬಗೆಯದನ್ನು ಕೊಟ್ಟಿದ್ದಾರೆ, ದಿನಕ್ಕೆ ಒಂದೇ. ಇದರ ಗುಣ ಸರಿಯಾಗಿ ತಿಳಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಅವಸರ ಮಾಡಬೇಡಿ, ಹೆಚ್ಚು ಕಡಿಮೆ ಮಾಡಬೇಡಿ, ನೀರು ಕುಡಿಯುವುದನ್ನು ಬಿಡಬೇಡಿ, ಬೇರೆ ಏನೇ ಮಾತ್ರೆ ನುಂಗುವ ಮೊದಲು, ನೆಗಡಿಯದಾದರೂ ಸರಿ, ಕೇಳಿ ಎಂದಿದ್ದಾರೆ. ಮೂತ್ರ ಕಟ್ಟಿಕೊಂಡರೆ, ತಲೆ ಗೊಂದಲವಾದರೆ, ಬಿಸಿಲಲ್ಲಿ ಬೆವರು ಬಾರದಿದ್ದರೆ ಕಾಯಬೇಡಿ, ತಕ್ಷಣ ಓಡಿಬನ್ನಿ ಎಂದಿದ್ದಾರೆ. ನಮ್ಮ ಗುಂಪಿನ ಗೆಳೆಯರಿಗೂ ಇದನ್ನೇ ಹೇಳುತ್ತಿದ್ದೇನೆ. ಮೊನ್ನೆ ಅಲ್ಲೊಬ್ಬರು "ನಮ್ಮ ದೊಡ್ಡಪ್ಪನೂ ಪ್ರಯಾಣದ ದಿನ ಡಬಲ್ ತಗೋತಾರೆ, ಏನೂ ಆಗಿಲ್ಲ" ಎಂದು ಬರೆದರು, ಕೆಳಗೆ ಅದಕ್ಕೆ ಸಾಲು ಸಾಲು ಹೆಬ್ಬೆರಳು. ದಯವಿಟ್ಟು ಆ ದೊಡ್ಡಪ್ಪನನ್ನು ಇವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಿಮ್ಮ ದೊಡ್ಡಪ್ಪ ನಿಮಗೆ ನೀವು ಎನ್ನುವ ದಿನ ಬಾರದಿರಲಿ.

ಎಲ್ಲ ಸರಿಹೋಯಿತಲ್ಲ, ಇನ್ನೇನು ಹೆದರಿಕೆ ಅನ್ನುತ್ತೀರಾ? ನಿಮ್ಮ ಉತ್ತರ ಬಂದ ಸಂಜೆ ಚಿಕ್ಕಮ್ಮ ಸೀರೆಯ ಮೇಲೆ ಹಾಕುವ ಸಮವಸ್ತ್ರದ ಕೋಟನ್ನು ಒಗೆಯಲು ಹಾಕಿದ್ದಳು. ಜೇಬು ನೋಡಿದೆ. ಹಳೆಯ ಮಾತ್ರೆಯ ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿದ ಒಂದು ತುಂಡು, ಒಳಗೆ ಎರಡು ಮಾತ್ರೆ.

"ಚಿಕ್ಕಮ್ಮಾ, ಏನಿದು?"

"ಇಡು ಅಲ್ಲೇ. ಧೈರ್ಯಕ್ಕೆ ಇಟ್ಕೊಂಡಿದೀನಿ."

"ಇದನ್ನ ತಗೋಬಾರದು ಅಂದಿದ್ದಾರಲ್ಲ!"

"ಫೈನಲ್ ಕಣೇ. ಹೆಚ್ಚುವರಿ ಸಮಯಕ್ಕೆ ಹೋಯ್ತು ಅಂದ್ರೆ ಎಷ್ಟೊತ್ತು ಕೂತಿರಬೇಕು ಗೊತ್ತಾ? ಹೊಸದು ಇನ್ನೂ ಹಿಡಿದಿಲ್ಲ. ಇಡೀ ಊರಿನ ಮುಂದೆ ಸೀರೆ ಒದ್ದೆ ಮಾಡ್ಕೊಂಡು ಇಳೀಲಾ?"

"ಹೋಗಬೇಡ ಬಿಡು."

"ಬರದಿದ್ರೆ ಬೇರೆಯವರಿದ್ದಾರೆ ಅಂತ ಆಫೀಸಿಂದ ಹೇಳಿ ಕಳಿಸಿದ್ದಾರೆ. ಈ ವಯಸ್ಸಲ್ಲಿ ನಂಗೆ ಬೇರೆ ಏನು ಬರುತ್ತೆ?"

ನಾನು ಆ ತುಂಡನ್ನು ಕಿತ್ತುಕೊಂಡು ಹೋಗಿ ಔಷಧಿ ಅಂಗಡಿಗೆ ಒಪ್ಪಿಸಿ ಬಂದೆ. ಅವಳು ಜಗಳ ಆಡಲಿಲ್ಲ. ಅದೇ ಹೆಚ್ಚು ಹೆದರಿಸಿತು. ಇನ್ನೊಂದು ತುಂಡು ಎಲ್ಲೋ ಇದೆ ಅಂತಲೇ ಅರ್ಥ. ಅಕ್ಕಿ ಡಬ್ಬ, ಹೊಲಿಗೆ ಪೆಟ್ಟಿಗೆ, ದಿಂಬಿನ ಚೀಲ, ಎಲ್ಲ ಹುಡುಕಿದೆ. ಸಿಕ್ಕಿಲ್ಲ. ಫೈನಲ್‌ಗೆ ಬಾವುಟ ಹೊಲಿಯಬೇಕಾದ ವಾರದಲ್ಲಿ ನಾನು ಸ್ವಂತ ಚಿಕ್ಕಮ್ಮನ ಮನೆಯಲ್ಲಿ ಕಳ್ಳಿಯ ಹಾಗೆ ಕಪಾಟು ತಡಕುತ್ತಿದ್ದೇನೆ.

ಮಾನ್ಯರೇ, ನೀವು ಪದೇ ಪದೇ ನಿಯಮ, ನಿಯಮ ಎನ್ನುತ್ತೀರಿ. ಮೂತ್ರಕೋಶಕ್ಕೆ ಓದು ಬರಹ ಬರುವುದಿಲ್ಲ, ನಿಮ್ಮ ನಿಯಮಾವಳಿ ಅದಕ್ಕೆ ತಲುಪಿಲ್ಲ. ಪಂದ್ಯದ ನಡುವೆ ನೀವೇ ನಿಮ್ಮ ಗಾಜಿನ ಕೋಣೆಯಿಂದ ಎದ್ದು ಪಕ್ಕದ ಬಾಗಿಲಿಗೆ ಹೋಗಿ ಬರುವುದನ್ನು ಎದುರಿನ ಗ್ಯಾಲರಿಯಿಂದ ನಾವೆಲ್ಲ ನೋಡುತ್ತೇವೆ. ನಿಮ್ಮ ಬೆನ್ನ ಹಿಂದೆ ಯಾರೂ ಚಿಲಕ ಹಾಕಿದ್ದು ಕಂಡಿಲ್ಲ. ಆಟಗಾರ ಕುಂಟಿದರೆ ಬದಲಿ ಇಳಿಯುತ್ತಾನೆ, ರೆಫರಿಗೆ ಸುಸ್ತಾದರೆ ಬದಲಿ ಇದ್ದಾನೆ, ಚೆಂಡಿಗೂ ಬದಲಿ ಚೆಂಡಿದೆ. ಬೋರ್ಡಮ್ಮನಿಗೆ ಮಾತ್ರ ಬದಲಿ ಮಾತ್ರೆಯೇ?

ನಾನು ಕೇಳುವುದು ದೊಡ್ಡದಲ್ಲ. ಭಾನುವಾರ ಆ ಬಾಗಿಲಿನ ಚಿಲಕವನ್ನು ಕಿತ್ತು ಒಳಬದಿಗೆ ಹಾಕಿಸಿ. ಅವಳು ಎದ್ದು ಹೋಗಿ ಬರುವಷ್ಟು ಹೊತ್ತು ತಗಡು ಹಿಡಿಯಲು ಇನ್ನೊಬ್ಬರನ್ನು ಮೇಲೆ ಕೂರಿಸಿ. ಕೋಣೆಯಲ್ಲಿ ಕುಡಿಯುವ ನೀರಿಡಿ, ಬಿಸಿಲು ಬೀಳುವ ಕಡೆ ಒಂದು ಪರದೆ ಕಟ್ಟಿಸಿ. ಗಾರ್ಡಿಗೆ ಕೊಟ್ಟ ನೋಟಿಸನ್ನು ವಾಪಸ್ ತೆಗೆದುಕೊಳ್ಳಿ. ಮುಖ್ಯವಾಗಿ, ಎದ್ದು ಹೋದರೆ ಕೆಲಸ ಹೋಗುವುದಿಲ್ಲ ಎಂದು ಪಂದ್ಯಕ್ಕೆ ಮೊದಲೇ ಅವಳಿಗೆ ನೀವೇ ಬಾಯಿಬಿಟ್ಟು ಹೇಳಿ. ನಾನು ಹೇಳಿದರೆ ನಂಬುವುದಿಲ್ಲ, ವೈದ್ಯರು ಹೇಳಿದರೆ ನಗುತ್ತಾಳೆ. ನೀವು ಹೇಳಿದರೆ ಬಚ್ಚಿಟ್ಟ ತುಂಡನ್ನು ತಾನೇ ತಂದು ಕೊಡುತ್ತಾಳೆ.

ಇಂತಿ,
ಫೈನಲ್ ತಲುಪಿದ ಖುಷಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಬಿಟ್ಟುಬಂದ,
ಪೂರ್ವ ಗ್ಯಾಲರಿಯ ಅತಿ ಗಲಾಟೆಯ ಅಭಿಮಾನಿ,
ಬೋರ್ಡಮ್ಮನ ಅಕ್ಕನ ಮಗಳು

ಭಾನುವಾರ ಮೆಟ್ಟಿಲು ಹತ್ತುವ ಮೊದಲು ಚಿಕ್ಕಮ್ಮ ವೈದ್ಯರು ಬರೆದುಕೊಟ್ಟ ಒಂದನ್ನು ನುಂಗಿ ನಿಲ್ಲಿಸಬೇಕೋ, ನಿಮ್ಮ ಚಿಲಕ ಕೇಳುವ ಇನ್ನೆರಡನ್ನೂ ನುಂಗಬೇಕೋ? ಎಲ್ಲರೂ ಓದುತ್ತಿದ್ದಾರೆ, ಉತ್ತರ ಹೇಳುವ ಧೈರ್ಯ ಇದೆಯೇ?