ಅಂಟು ಪುಸ್ತಕದಿಂದ ಕೊಯ್ದ ಹಾಳೆ

ಸಾರಕ್ಕಿ,
೨೧ ಜೂನ್ ೧೯೬೪

ಪ್ರಿಯ ಕಿಟ್ಟಿ,

ನಮ್ಮ ಅಂಟು ಪುಸ್ತಕದಿಂದ ಆ ಹಾಳೆ ತೆಗೆದವನು ರಾಮಪ್ರಸಾದ ಅಲ್ಲ, ನಾನು. ಕ್ಷೇಮಸಮಾಚಾರಕ್ಕೂ ಮೊದಲೇ ಇದನ್ನು ಬರೆದುಬಿಟ್ಟೆ. ಇಲ್ಲದಿದ್ದರೆ ಈ ಕಾಗದವೂ ಹಿಂದಿನ ಎರಡರ ಹಾಗೆ ಒಲೆ ಸೇರುತ್ತಿತ್ತು. ಯುಗಾದಿಗೆ ಬಂದ ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದಕ್ಕೂ ಅದೇ ಕಾರಣ. ಬೈದುಕೋ, ಆಮೇಲೆ ಮುಂದೆ ಓದು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಜಯನಗರದ ಸೈಟುಗಳ ಕಲ್ಲು ನಮ್ಮ ರಾಗಿ ಹೊಲದ ಬದುವಿನ ತನಕ ಬಂದಿದೆ. ನೀವು ಮೂವರೂ ಇದ್ದ ಮುಂದಿನ ಕೋಣೆಯನ್ನು ಅಮ್ಮ ಬೇರೆ ಕಾಲೇಜು ಹುಡುಗರಿಗೆ ಕೊಟ್ಟಿದ್ದಾಳೆ. "ಏನ್ ಹುಡುಗ್ರಪ್ಪ, ಮನೇಲಿ ಇದಾರೋ ಇಲ್ವೋ ಗೊತ್ತಾಗಲ್ಲ. ಆ ಕಿಟ್ಟಿ ಇದ್ದಾಗ ನಮ್ ಹಸೂಗೂ ನಿದ್ದೆ ಇರ್ಲಿಲ್ಲ" ಎಂದು ದಿನಾ ನಿನ್ನನ್ನು ನೆನೆಯುತ್ತಾಳೆ.

ರಾಮಪ್ರಸಾದನ ಮದುವೆಗೆ ಆ ಪುಸ್ತಕವನ್ನೇ ಉಡುಗೊರೆ ಕೊಡೋಣ, ಉಳಿದದ್ದನ್ನೆಲ್ಲ ಅಂಟಿಸಿ ಮೈಸೂರಿಗೆ ಕಳಿಸು ಎಂದು ಬರೆದಿದ್ದೆಯಲ್ಲ. ಮೈದಾ ಕಾಸಿ, ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ಎಲ್ಲ ಅಂಟಿಸಿದೆ. ಅಮ್ಮ ನೋಡಿ, "ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟ. ಕಾಲೇಜು ಹುಡುಗ್ರ ಜೊತೆ ಮಲಗಿದ್ರಾದ್ರೂ ನಾಲ್ಕಕ್ಷರ ಕಲೀತಾನೆ ಅಂದ್ಕೊಂಡೆ. ಕಲಿತಿದ್ದು ಗಂಜಿ ಕಾಸೋದು" ಎಂದಳು. ಸುಳ್ಳೇನಲ್ಲ. ನೀವು ಬಂದ ವಾರವೇ ಚಾಪೆ ಎತ್ತಿಕೊಂಡು ನಿಮ್ಮ ಕೋಣೆಗೆ ಬಂದವನು, ನೀವು ಹೋಗುವ ತನಕ ನಡುಮನೆಯಲ್ಲಿ ಮಲಗಲಿಲ್ಲ.

ಪುಟ ತಿರುಗಿಸುತ್ತ ಒಬ್ಬನೇ ನಕ್ಕೆ. ಒಬ್ಬ ತಂದದ್ದರ ಕೆಳಗೆ ಇನ್ನೊಬ್ಬನೇ ಬರೆಯಬೇಕು, ಬರೆದದ್ದನ್ನು ಯಾರೂ ತಿದ್ದಬಾರದು ಎಂದು ಎಂಥ ಕಾನೂನು ಮಾಡಿದ್ದೆ ಮಾರಾಯ! ರೇವಣಸಿದ್ದಪ್ಪ ಊರಿಂದ ತಂದ ಚಟ್ನಿಪುಡಿಯ ಪೊಟ್ಟಣದ ಕಾಗದದ ಕೆಳಗೆ ನೀನು ಬರೆದದ್ದು: "ಸೋಮವಾರ ಆಗಮನ, ಸೋಮವಾರವೇ ಸ್ವರ್ಗಸ್ಥ." ರಾಮಪ್ರಸಾದನ ನಾಟಕದ ಅರ್ಧ ಮೀಸೆಯ ಕೆಳಗೆ ರೇವಣಸಿದ್ದಪ್ಪ: "ಉಳಿದರ್ಧವನ್ನು ಎರಡನೇ ಅಂಕದಲ್ಲಿ ನುಂಗಿದ." ಮೀಸೆಯ ಅಂಟು ಈಗಲೂ ಬಿಟ್ಟಿಲ್ಲ.

ಇನ್ನು ಹಾಳೆಯ ವಿಷಯ. ಅದರಲ್ಲಿ ಇದ್ದದ್ದು ಕಾಲೇಜ್ ಡೇ ದಿನ ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ನಾವು ನಾಲ್ವರೂ ತೆಗೆಸಿದ ಫೋಟೋ. ನಾಲ್ವರಿಗೂ ಇದ್ದದ್ದು ನಿನ್ನ ಒಂದೇ ಕೋಟು. ಅಮ್ಮ ಚೊಂಬಿಗೆ ಕೆಂಡ ತುಂಬಿ ಅದಕ್ಕೆ ಇಸ್ತ್ರಿ ಹಾಕಿದ್ದಳು. ಕ್ಯಾಮರಾ ಎದುರು ನಿಂತ ಮೇಲೆ ನೀನು ಅದನ್ನು ಬಿಚ್ಚಿ, "ಹಾಕ್ಕೊಳೋ ಬೈರ, ನೀನೇ ಪ್ರಿನ್ಸಿಪಾಲ್ ಥರ ಕಾಣ್ತೀಯ" ಎಂದೆ. ತೋಳು ಗಿಡ್ಡ, ಬೆನ್ನು ಬಿಗಿ. ಉಸಿರು ಹಿಡಿದು ನಿಂತೆ. ರಾಮಪ್ರಸಾದ ಸರಿಯಾದ ಹೊತ್ತಿಗೆ ಕಣ್ಣು ಮುಚ್ಚಿದ. ನಾನು ಸ್ಟುಡಿಯೋದಿಂದ ಫೋಟೋ ತಂದ ದಿನ, "ಹೆಣದ ಥರ ಇದೀನಿ, ಹರಿದಾಕ್ತೀನಿ ನೋಡ್ರೋ" ಎಂದು ಅವನು ಕೂಗಾಡಿದ್ದ.

ಅದನ್ನು ಅಂಟಿಸಿ, ಕೆಳಗೆ ನೀನು ಬರೆದೆ. ಮೂರನೇ ದಿನ ಹಾಳೆ ಇರಲಿಲ್ಲ. ಮೈಲುತುತ್ತ ಹಾಕಿದ ಅಂಟನ್ನು ಯಾವ ಹುಳವೂ ಮುಟ್ಟದು, ಆದ್ದರಿಂದ ಕಳ್ಳ ಕೋಣೆಯೊಳಗೇ ಇದ್ದಾನೆ ಎಂದು ನೀನು ವಿಚಾರಣೆ ನಡೆಸಿದೆ. ರಾಮಪ್ರಸಾದ, "ನಮ್ಮಮ್ಮನಾಣೆ ನಾನಲ್ಲ ಕಣ್ರೋ" ಎಂದ. ನೀನು ನನ್ನ ಕಡೆ ನೋಡಿ, "ಬೈರನ್ನ ಕೇಳೋದೇ ಬೇಡ. ಇವನಾಗಿದ್ರೆ ಇವನೇ ಬಾಯಿ ಬಿಟ್ಟಿರೋನು" ಎಂದೆ. ಶಿಕ್ಷೆಯೆಂದು ರಾಮಪ್ರಸಾದ ಒಂದು ತಿಂಗಳು ನಾಲ್ವರಿಗೂ ಬಾವಿಯಿಂದ ನೀರು ಸೇದಿದ. ಹಾಳೆ ಹೋದ ಜಾಗದಲ್ಲಿ ಬಾವಿ ಹಗ್ಗದ ಒಂದು ಎಳೆ ಅಂಟಿಸಿ, "ಕಳ್ಳನ ಹಗ್ಗ" ಎಂದು ಬರೆದಿರಿ.

ಕೇಳಿದ್ದರೆ ಹೇಳುತ್ತಿದ್ದೆ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡೆ. ಕೇಳದಿದ್ದಾಗ ಸುಮ್ಮನಿದ್ದದ್ದೂ ಸುಳ್ಳೇ. ಈಗ ಆ ಪುಸ್ತಕ ಅವನ ಹೆಂಡತಿಯ ಕೈಗೆ ಹೋಗುತ್ತದೆ. ಗಂಡ ಮಾಡದ ಕಳ್ಳತನವನ್ನು ಅವಳೇಕೆ ಓದಬೇಕು?

ಅದಕ್ಕೇ ನಿನ್ನೆ ಬಸವನಗುಡಿಯ ಅವನ ಹೊಸ ಬಾಡಿಗೆ ಮನೆಗೆ ಹೋಗಿ, ರಾಮಪ್ರಸಾದನ ಎದುರು ನಿಂತು ಹೇಳಿಬಿಟ್ಟೆ. ಹೆಣ್ಣಿನ ಕಡೆಯವರು ಲಗ್ನಪತ್ರಿಕೆ ಹಿಡಿದು ಕೂತಿದ್ದರು. ಅವನು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, "ಮೂವತ್ತು ದಿನ ಸೇದಿದೀನಿ ಗುರು! ಆ ಹಂಡೆ ತುಂಬೋವರೆಗೂ ಹಗ್ಗ ಬಿಡಬೇಡ" ಎಂದ. ಮಾವನಾಗುವವರು ಕಾಫಿ ಲೋಟ ಹಿಡಿದು ಬಂದು, "ಯಾರಪ್ಪ ಇದು?" ಎಂದರು. "ನಮ್ಮ ರೂಮ್‌ಮೇಟು ಸಾರ್, ಹಳೇ ಶಿಕ್ಷೆ ಬಾಕಿ ಇತ್ತು" ಎಂದ. ನಗುತ್ತ ನಗುತ್ತ ಎರಡು ಹಂಡೆ ತುಂಬಿಸಿದೆ. ಹೊರಡುವಾಗ ಮಾತ್ರ, "ಅಲ್ಲ ಕಣೋ, ಕಣ್ಣು ಮುಚ್ಚಿದ್ದು ನಾನು. ನೀನು ಯಾಕೋ ಕಿತ್ತೆ?" ಎಂದ. ಮೊದಲು ಕಿಟ್ಟಿಗೆ ಹೇಳಬೇಕು ಎಂದು ಬಂದುಬಿಟ್ಟೆ.

ಹಾಳೆ ಇಷ್ಟು ದಿನ ಅಮ್ಮನ ಪೆಟ್ಟಿಗೆಯ ತಳದಲ್ಲಿತ್ತು. ಈಗ ಈ ಕಾಗದದ ಜೊತೆ ಕಳಿಸುತ್ತಿರುವ ಪುಸ್ತಕದೊಳಗೆ ಬಿಡಿಯಾಗಿ ಇಟ್ಟಿದ್ದೇನೆ. ನಾನು ಮದುವೆಗೆ ಇರುವುದಿಲ್ಲ. ಬೊಮ್ಮನಹಳ್ಳಿಯ ಬೋರಣ್ಣ ಬೊಂಬಾಯಿಗೆ ಹೋಗುವ ಲಾರಿಯಲ್ಲಿ ಕ್ಲೀನರ್ ಕೆಲಸ ಕೊಟ್ಟಿದ್ದಾನೆ. "ಒಂದು ಕಡೆ ನಿಲ್ಲದವನಿಗೆ ಇದೇ ಸರಿ ಬಿಡು" ಎಂದು ಅಮ್ಮನೂ ಒಪ್ಪಿದಳು. ನಿನಗೆ ಒಳ್ಳೆಯ ಹೆಣ್ಣು ಸಿಗಲಿ ಎಂದು ಹರಸಿದ್ದಾಳೆ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಬೈರಣ್ಣ

ಮರೆತ ಮಾತು: ನೀನು ಏನು ಬರೆದಿದ್ದೆ ಎಂಬುದು ನಿನಗೆ ನೆನಪಿರಲಾರದು. "ಕಾಲೇಜ್ ಡೇ. ರಾಮಪ್ರಸಾದ, ಕಿಟ್ಟಿ, ರೇವಣಸಿದ್ದಪ್ಪ. ಕೊನೆಯ ವರ್ಷದ ಬಿ.ಎ. ನಾವು ಮೂವರು." ಬೇಕೆಂದು ಬರೆದದ್ದಲ್ಲ, ಗೊತ್ತು. ಕಾಲೇಜಿನ ಫೋಟೋಗಳ ಕೆಳಗೆ ಹಾಗೆಯೇ ಹೆಸರು, ಕ್ಲಾಸು ಬರೆಯುತ್ತಾರೆ. ನನಗೆ ಕ್ಲಾಸು ಇರಲಿಲ್ಲ. ಆದರೆ ಕೋಟು ಹಾಕಿಕೊಂಡು ನಡುವೆ ನಿಂತವನು ನಾನು, ಕಿಟ್ಟಿ. ತಿದ್ದುವಂತಿಲ್ಲವಲ್ಲ, ಬ್ಲೇಡಿನಿಂದ ಕೊಯ್ದೆ. ಕೆಳಗೆ ಒಂದು ಸಾಲಿನಷ್ಟು ಜಾಗ ಇನ್ನೂ ಇದೆ. ಫೋಟೋ ತಂದವನು ನಾನಾದ್ದರಿಂದ ಅಲ್ಲಿ ನಾನು ಬರೆಯುವಂತಿಲ್ಲ.

ನಾಳೆ ಬೆಳಿಗ್ಗೆ ಆರಕ್ಕೆ ಲಾರಿ ಹೊರಡುತ್ತದೆ.