ಏಳು ನಂಬರಿನ ಬೆನ್ನು

ಜನವರಿ ೯, ಗುರುವಾರ. ಸಂಜೆ

ಇವತ್ತೂ ಅದೇ. ಹಗಲೆಲ್ಲ ಓಡಿದ್ದು ನಾನು, ಕ್ಲೋಸಪ್ಪಿನಲ್ಲಿ ಬೆವರಿದ್ದು ಹೀರೋಯಿನ್. ಆ ಬೆವರನ್ನೂ ಮೇಕಪ್ಪಿನ ಅಯ್ಯೂಬಣ್ಣ ಬಾಟಲಿಯಿಂದ ಚಿಮುಕಿಸುತ್ತಾನೆ. ನನ್ನದು ಪುಕ್ಕಟೆ ಬೆವರು.

ಲಕ್ಷ್ಮೇಶ್ವರದ ಮೈದಾನದ ಕರಿಮಣ್ಣು ಟಿವಿಯಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಕೆಂಪು ಮಣ್ಣು ತರಿಸಿ ಹಾಸಿದ್ದಾರೆ. ತಂದದ್ದು ಭೀಮೇಶನ ಗೂಡ್ಸ್ ಗಾಡಿ. (ಗಂಡನ ಹೆಸರು ಇಲ್ಲಿ ಬರೆದರೆ ಯಾರು ಕೇಳುತ್ತಾರೆ.) ಮಣ್ಣು ಇಳಿಸಲು ಹೋದವನು ಸುಮ್ಮನಿರಲಾರದೆ, “ನಮ್ಮ ಮನಿಯಾಕಿ ಕಾಲೇಜಿನಾಗ ಕಬಡ್ಡಿ ಆಡತಿದ್ಲ್ರಿ” ಅಂದುಬಿಟ್ಟ. ಡೈರೆಕ್ಟರ್ ಹೊನ್ನೇಶ ಸರ್ ಅಂಥವಳನ್ನೇ ಹುಡುಕುತ್ತಿದ್ದರು. ಹೀರೋಯಿನ್‌ಗೆ ಬರಿಗಾಲಲ್ಲಿ ನಿಂತರೇ ಕಣ್ಣೀರು.

ಸೀರಿಯಲ್ ಹೆಸರು ‘ನಡುಗೆರೆ’. ಶಿರಹಟ್ಟಿಯ ನಿವೃತ್ತ ಮಾಸ್ತರರೊಬ್ಬರ ಕಾದಂಬರಿ. ಸಣ್ಣ ಊರಿನ ಹುಡುಗಿಯರ ಕಬಡ್ಡಿ ಟೀಮು, ಅದರಲ್ಲಿ ದುರಗಿ ಅನ್ನುವ ರೇಡರ್. ಬೆನ್ನ ಮೇಲೆ ಏಳು ನಂಬರು. ಆ ಬೆನ್ನು ನಾನು. ಕಾಲೂ ನಾನು. ಎಡ ಹೆಗಲು ಇಳಿಸಿ ಒಳನುಗ್ಗುವುದು ನನ್ನ ಹಳೆಯ ಚಟ. ಹೊನ್ನೇಶ ಸರ್‌ಗೆ ಅದು ಎಷ್ಟು ಹಿಡಿಸಿದೆ ಅಂದರೆ ಹೀರೋಯಿನ್‌ಗೂ ಕಲಿಸುತ್ತಿದ್ದಾರೆ. ಅವಳು ಇಳಿಸಿದರೆ ಚೀಲ ಜಾರಿದ ಹಾಗೆ ಕಾಣುತ್ತದೆ.

ಅತ್ತೆಗೆ ಗೊತ್ತಿಲ್ಲ. ಅವರ ಪ್ರಕಾರ ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ.

ಒಂದೇ ಕಿರಿಕಿರಿ. ದುರಗಿ ಮದುವೆಯಾಗದವಳು. ಮೊದಲ ದಿನವೇ ಅಯ್ಯೂಬಣ್ಣ ನನ್ನ ಕಾಲು ನೋಡಿ, “ತಂಗಿ, ಕಾಲುಂಗರ ತಗೀಬೇಕಾಗತೈತೆವಾ” ಅಂದ. ದಿನಾ ತೆಗೆದು ಕರ್ಚೀಫಿನಲ್ಲಿ ಕಟ್ಟುತ್ತೇನೆ. ಬೆರಳಿನ ಬಿಳಿ ಗುರುತಿಗೆ ಅವನು ಬಣ್ಣ ಹಚ್ಚುತ್ತಾನೆ. ನಮ್ಮೂರು ಶಿಗ್ಲಿ ಬರುವ ಮೊದಲು ಗಾಡಿಯಲ್ಲೇ ಮತ್ತೆ ಹಾಕಿಕೊಳ್ಳುವುದು. ಮೀನಿನ ಗುರುತಿನ ಹಳೇ ಬೆಳ್ಳಿ. ಅತ್ತೆಯ ಅತ್ತೆಯದು, ಮುತ್ತೈದೆಯಾಗಿ ಹೋದವರದು. ಮದುವೆಯ ದಿನ ಅತ್ತೆಯೇ ಕೂತು ತೊಡಿಸಿದ್ದು. ತೆಗೆಯುವಾಗ ಪ್ರತಿ ಸಲ ಎದೆ ಧಸಕ್ ಅನ್ನುತ್ತದೆ.

ಜನವರಿ ೨೦, ಸೋಮವಾರ

ಮೊದಲ ಎಪಿಸೋಡು. ಏಳೂವರೆಗೆ ಅತ್ತೆ ಎಲೆ ಅಡಿಕೆ ಹಾಕಿಕೊಂಡು ಗೋಡೆಗೆ ಒರಗಿ ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕಿವಿ ಮಾತ್ರ ಹೊರಗೆ.

“ಯವ್ವಾ, ಯಾ ಊರ ಹುಡುಗಿನೋ! ಕಾಲು ನೆಲಕ್ಕ ಹತ್ತೂದಿಲ್ಲ ನೋಡು!”

ಕೈ ನಿಂತಿತು. ಆರು ವರ್ಷವಾಯಿತು ಈ ಮನೆಗೆ ಬಂದು. ಒಂದು ಸಲವಾದರೂ ನನ್ನ ಬಗ್ಗೆ ಹೀಗೆ ಅಂದದ್ದಿಲ್ಲ. ಕೆಟ್ಟವರಲ್ಲ ನಮ್ಮತ್ತೆ ಹನಮಂತವ್ವ. ಬಾಯಲ್ಲಿ ಹೊಗಳಿಕೆ ಬರುವುದಿಲ್ಲ, ಅಷ್ಟೇ.

“ರೊಟ್ಟಿ ಹೊತ್ತಾಕತ್ತೈತಿ, ಎಲ್ಲೆ ಐತಿ ಲಕ್ಷ್ಯ? ಆ ಹುಡುಗೀನ ನೋಡಿ ಕಲಿ ಒಂದಿಷ್ಟು, ಎಷ್ಟ ಚುರುಕ ಅದಾಳ.”

ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ. ಆಮೇಲೆ ನಗು ಹೋಗಿ ಬೇರೇನೋ ಆಯಿತು. ಒಮ್ಮೆ ಗೊತ್ತಾಗಲಿ. ಅದು ನಾನು ಅಂತ ಅತ್ತೆಗೆ ಒಮ್ಮೆ ಗೊತ್ತಾದರೆ ಸಾಕು. ಬೈದರೂ ಸೈ.

ಜನವರಿ ೨೯, ಬುಧವಾರ

ಅತ್ತೆಗೆ ದುರಗಿಯ ಹುಚ್ಚೇ ಹಿಡಿದಿದೆ. ಪಕ್ಕದ ಮನೆಯ ಬಸವಣ್ಣೆವ್ವನನ್ನೂ ಕರೆದು ಕೂರಿಸುತ್ತಾರೆ. ಇವತ್ತು ದುರಗಿಯ ಮೊಣಕಾಲು ತರಚಿತು ಅಂತ ಇಬ್ಬರೂ ಲೊಚಗುಟ್ಟಿದರು. ಹಿತ್ತಿಲಲ್ಲಿ ನಾನು ಅದೇ ಮೊಣಕಾಲಿಗೆ ಅರಿಸಿನ ಹಚ್ಚುತ್ತಿದ್ದೆ.

“ಏನಾತು ಕಾಲಿಗೆ?” ಅಂದರು ಅತ್ತೆ, ಹಿತ್ತಿಲಿಗೆ ಬಂದು.

“ಕ್ಲಾಸಿನ ಮೆಟ್ಟಲದಾಗ ಜಾರಿದ್ನಿರಿ.”

“ಕಣ್ಣ ನೆತ್ತಿ ಮ್ಯಾಲೆ ಇಟಗೊಂಡ ಅಡ್ಡಾಡಿದ್ರ ಮತ್ತೇನಾಗತೈತಿ.”

ಫೆಬ್ರವರಿ ೬, ಗುರುವಾರ

ಇವತ್ತು ಬರೆಯಲೇಬೇಕು!

ಕಾದಂಬರಿ ಬರೆದ ಮಾಸ್ತರರು ಸೆಟ್ಟಿಗೆ ಬಂದಿದ್ದರು. ಕೊಡೆ ಹಿಡಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಚಹಾ ಕೊಡಲು ಹೋದಾಗ, “ನೀವಾ ಓಡಿದ್ದು? ನಾ ಬರದಿದ್ದು ಹಿಂಗ ಓಡಾಕೀನ್ನ” ಅಂದರು. ಕೊನೆಗೆ ಏನಾಗುತ್ತದೆ ಅಂತ ಕೇಳಿದೆ.

“ಪುಸ್ತಕದಾಗ ಸೋಲ್ತಾಳವಾ. ಮುಂಡರಗಿ ಫೈನಲ್‌ದಾಗ. ಮುಂದ ಮದಿವಿ, ಮನಿ. ಆಡಿದ್ಲು ಅನ್ನೂದು ಊರಾಗ ಯಾರಿಗೂ ನೆನಪಿರೂದಿಲ್ಲ. ಇವ್ರು ಗೆಲ್ಲಸ್ತಾರಂತ.”

“ಬ್ಯಾಡ ಅನ್ನಬೇಕಿತ್ತಿಲ್ರಿ ಸರ್?”

“ಸಹಿ ಮಾಡಿ ಕೊಟ್ಟೇನಿ.” ಅಷ್ಟೇ ಅಂದು ಚಹಾ ಕುಡಿದರು. ಪಾಪ ಅನ್ನಿಸಿತು.

ಮಧ್ಯಾಹ್ನ ಹೊನ್ನೇಶ ಸರ್ ಕರೆದರು. ಮುಂಡರಗಿ ಫೈನಲ್ಲಿನಲ್ಲಿ ಎದುರು ಟೀಮಿನ ಕ್ಯಾಪ್ಟನ್ ನಾನೇ ಅಂತೆ! ಮುಖ ಕಾಣುತ್ತದೆ. ಎರಡು ಮಾತೂ ಇವೆ. “ಇಷ್ಟ ದಿನ ಬೆನ್ನ ತೋರಿಸೀರಿ, ಒಮ್ಮೆ ಮಾರಿ ತೋರಸ್ರಿ” ಅಂದರು.

ಬರುವಾಗ ಗಾಡಿಯಲ್ಲಿ ಭೀಮೇಶನಿಗೆ ಹೇಳಿದೆ. ಅವನಿಗೂ ಖುಷಿ, ಸುಮ್ಮನೆ ಎರಡು ಸಲ ಹಾರ್ನ್ ಹೊಡೆದ. “ಅಷ್ಟೊತ್ತಿಗೆ ಅವ್ವಗ ನಾನ ಹೇಳತೇನಿ. ನೀ ಕಾಳಜಿ ಬಿಡು.”

ಅತ್ತೆ ಗೋಡೆಗೆ ಒರಗಿ ಕೂತಿರುವಾಗ ಟಿವಿ ತುಂಬ ನನ್ನ ಮುಖ… ಆಮೇಲೆ ಏನಾದರೂ ಆಗಲಿ.

ಫೆಬ್ರವರಿ ೧೨, ಬುಧವಾರ

ಶಿರಹಟ್ಟಿ ಶೂಟಿಂಗ್. ನಿನ್ನೆ ರೇಡಿನಲ್ಲಿ ಬಲಗಾಲಿನ ಬೆರಳು ಮಡಚಿತ್ತು. ಗೊತ್ತಾಗಲಿಲ್ಲ, ಅದರ ಮೇಲೇ ಉಂಗುರ ಹಾಕಿಕೊಂಡು ಮಲಗಿದ್ದೆ. ಬೆಳಿಗ್ಗೆ ಬೆರಳು ಬಾತು ಉಂಗುರ ಒಳಗೆ ಹೂತಿತ್ತು. ಅಯ್ಯೂಬಣ್ಣ ಸಾಬೂನು ಹಚ್ಚಿದ, ಎಣ್ಣೆ ಹಚ್ಚಿದ, ದಾರ ಸುತ್ತಿ ಎಳೆದ. ನನ್ನ ಜೀವ ಹೋಯಿತು, ಉಂಗುರ ಬರಲಿಲ್ಲ. ಉಂಗುರದ ಬಾಯಿ ಅಗಲಿಸಲು ನೋಡಿದ. ಹಳೇ ಬೆಳ್ಳಿ, ಮುರಿಯುತ್ತದೆ ಅಂದ. ಮುರಿದರೆ ಮನೆಯಲ್ಲಿ ಏನು ಹೇಳಲಿ?

ಆಚೆ ಹೊನ್ನೇಶ ಸರ್ ಬಿಸಿಲು ಹೋಗುತ್ತದೆ ಅಂತ ಕೂಗಾಟ. ಕೊನೆಗೆ ಮೈಬಣ್ಣದ ಪಟ್ಟಿ ಸುತ್ತಿ ಮೇಲೆ ಬಣ್ಣ ಬಳಿದ. ಓಡಿದೆ. ಟೇಕ್ ಓಕೆ. ನೋಡಿದರೆ ಪಟ್ಟಿ ಎಲ್ಲೋ ಮಣ್ಣಲ್ಲಿ ಬಿದ್ದುಹೋಗಿದೆ. “ಇಷ್ಟ ಧೂಳಿನಾಗ ಯಾರಿಗೆ ಕಾಣತೈತಿ ತಗೋ ತಂಗಿ” ಅಂದ ಅಯ್ಯೂಬಣ್ಣ.

ಫೆಬ್ರವರಿ ೨೧, ಶುಕ್ರವಾರ

ಕಂಡಿತು.

ಸ್ಲೋ ಮೋಷನ್ನಿನಲ್ಲಿ ತೋರಿಸಿದರು. ದುರಗಿಯ ಕಾಲು ಬೋನಸ್ ಗೆರೆ ದಾಟುತ್ತದೆ, ಧೂಳು ಏಳುತ್ತದೆ, ಟಿವಿ ತುಂಬ ಕಾಲೇ ಕಾಲು. ಬೆರಳಲ್ಲಿ ಬೆಳ್ಳಿ. ಮೀನೂ ಕಾಣುತ್ತಿತ್ತು.

ಅತ್ತೆ ಮೊದಲು ನಕ್ಕರು. “ಅಯ್ಯ, ಮದಿವಿ ಆಗದ ಹುಡುಗಿಗೆ ಕಾಲುಂಗರ ಹಾಕ್ಯಾರ, ನೋಡ ಬಸವಣ್ಣೆವ್ವ ಇವರ ಶಾಣ್ಯಾತನ!” ಬಸವಣ್ಣೆವ್ವನೂ ನಕ್ಕಳು. ಆಮೇಲೆ ಅತ್ತೆಯ ನಗು ನಿಂತಿತು. ತಿರುಗಿ ನನ್ನ ಕಾಲು ನೋಡಿದರು. ಪಾತ್ರೆ ಹಿಡಿದು ನಿಂತಿದ್ದೆ. ಕಾಲು ಮುಚ್ಚಿಕೊಳ್ಳಲೂ ತೋಚಲಿಲ್ಲ.

ಬಸವಣ್ಣೆವ್ವ ಮನೆಗೆ ಹೋಗುವ ತನಕ ಕಾದರು. ಆಮೇಲೆ ಟಿವಿ ಆರಿಸಿದರು.

“ಎಷ್ಟ ದಿನಾತು?”

ಪಾತ್ರೆ ಕೆಳಗಿಟ್ಟೆ.

“ಆಡಿದ್ದಕ್ಕ ಕೇಳವಲ್ಲೆ ನಾ. ಇಷ್ಟ ದಿನ ಆ ಕಾಲಾಗ ಕಾಲುಂಗರ ಇದ್ದಿಲ್ಲ. ಇವತ್ತ ಐತಿ. ಉಳಿದ ದಿನ ತಗದಿದ್ದೇನ? ನನ್ನ ಮಗ ಜೀವಂತ ಅದಾನವಾ!”

ಮಾವನವರು ಹೋದ ದಿನ ಅತ್ತೆಯ ಕಾಲುಂಗುರ ತೆಗೆದವರು ಯಾರು, ಹೇಗೆ ತೆಗೆದರು ಎಲ್ಲ ನನಗೆ ಹೇಳಿದ್ದರು ಒಮ್ಮೆ. ಅದು ನೆನಪಾಯಿತು. ಭೀಮೇಶ ಅಲ್ಲೇ ಕೂತಿದ್ದ. ಅವನ ಮುಖ ನೋಡಿದೆ. ಹೇಳತೇನಿ ಅಂದಿದ್ದನಲ್ಲ.

“ನನಗೇನೂ ಗೊತ್ತಿಲ್ಲಬೇ ಅವ್ವ” ಅಂದ.

ದಿನಾ ಗಾಡಿಯಲ್ಲಿ ಕರೆದುಕೊಂಡು ಹೋದವನು. ಕರ್ಚೀಫಿನ ಗಂಟು ಬಿಚ್ಚಿ ಉಂಗುರ ಕೈಗೆ ಕೊಟ್ಟವನು.

ಆಮೇಲೆ ಅವನೇ ಅಂದ: “ಒಂದ ದಿನ ಹೋಗಿರಬೇಕ ತಗೋ, ಅವರ ಹುಡುಗಿ ಬರದ್ದಕ್ಕ. ಕಾಲುಂಗರ ಕಾಣಾಕತ್ತೈತೆಲ್ಲ? ತಗದಾಕಿ ಆಗಿದ್ರ ಕಾಣತಿತ್ತೇನು?”

ಅತ್ತೆ ಯೋಚಿಸಿದರು. “ಹೌದೇನ?” ಅಂದರು ನನ್ನ ಕಡೆ ತಿರುಗಿ. “ಅವನ ತಲಿ ಮ್ಯಾಲೆ ಕೈ ಇಟ್ಟ ಹೇಳು.”

ಇಟ್ಟೆ. ಕೂದಲು ಬೆವರಿನಿಂದ ಒದ್ದೆಯಾಗಿತ್ತು. “ಒಂದ ದಿನಾ ಹೋಗಿದ್ದು. ಯಾವತ್ತೂ ತಗದಿಲ್ರಿ” ಅಂದೆ.

ಅತ್ತೆಯ ಮುಖ ಸಡಿಲವಾಯಿತು. ಅಳುವುದಕ್ಕೇ ಶುರು ಮಾಡಿದರು, ಸಮಾಧಾನಕ್ಕೆ.

ಫೆಬ್ರವರಿ ೨೨, ಶನಿವಾರ

“ಮಾತ ಬೆಳೀಬಾರದಂತ ಅಂದೆ. ಎಲ್ಲಾ ನಿನ್ನ ಸಲುವಾಗೇ” ಅನ್ನುತ್ತಾನೆ ಭೀಮೇಶ.

“ತಲಿ ನಿಮ್ದು, ಸುಳ್ಳು ನಂದು” ಅಂದೆ. ಗಾಡಿ ತೊಳೆಯಲು ಹೋದ.

ಇಷ್ಟು ದಿನದ ಆಟದಲ್ಲಿ ಒಂದೇ ಒಂದು ಶಾಟು ನನ್ನದಾಯಿತು. ಅದೂ ಕಾಲು ಬಾತ ದಿನದ್ದು, ಎಲ್ಲಕ್ಕಿಂತ ಕೆಟ್ಟದ್ದು. ಉಳಿದ ಓಟವೆಲ್ಲ ಯಾರದೋ. ನಾನೇ ಆಣೆ ಮಾಡಿ ಕೊಟ್ಟುಬಿಟ್ಟೆ. ಸಿಟ್ಟು ಯಾರ ಮೇಲೆ ಅಂತಲೂ ತಿಳಿಯುತ್ತಿಲ್ಲ.

ಫೆಬ್ರವರಿ ೨೪, ಸೋಮವಾರ. ಮಧ್ಯಾಹ್ನ

ಅಯ್ಯೂಬಣ್ಣನ ಫೋನು. ಆ ಕಾಲಿನ ಫೋಟೋ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದೆಯಂತೆ. ‘ದುರಗಿ ಗುಟ್ಟಾಗಿ ಮದುವೆಯಾದಳೇ?’ ಅಂತ ನಗೆಯಾಡುತ್ತಿದ್ದಾರಂತೆ. ಚಾನೆಲ್ಲಿನವರು ಹೊನ್ನೇಶ ಸರ್‌ಗೆ ಬೈದರು, ಸರ್ ಇವನಿಗೆ ಬೈದರು. “ನೀ ಇನ್ನ ಬರೂದ ಬ್ಯಾಡಂತವಾ. ಮುಂಡರಗೀದೂ ಇಲ್ಲ.” ಅವನ ದನಿ ಸಣ್ಣಗಾಗಿತ್ತು. ಆತು ಅಣ್ಣ ಅಂದೆ. ಹೇಗೂ ಹೋಗಲು ಬರುತ್ತಿರಲಿಲ್ಲ.

ಮಾರ್ಚ್ ೧೧, ಮಂಗಳವಾರ

ಬೆರಳಿನ ಬಾವು ಇಳಿದಿದೆ. ಅತ್ತೆ ಬೆಳ್ಳಿ ಕೆಲಸದ ಪತ್ತಾರನ ಹತ್ತಿರ ಕರೆದುಕೊಂಡು ಹೋದರು. ಅವನು ಇಕ್ಕಳದಿಂದ ಉಂಗುರದ ಬಾಯಿ ಒತ್ತಿ ಕೂಡಿಸಿದ. “ಇನ್ನ ಬರೂದಿಲ್ರಿ ಯವ್ವಾ” ಅಂದ ಅತ್ತೆಗೆ. ನನ್ನನ್ನು ಕೇಳಲಿಲ್ಲ. ನೋವಾಯಿತು. ಅತ್ತೆ ದಾರಿಯಲ್ಲಿ ನನಗೆ ಮಲ್ಲಿಗೆ ಕೊಡಿಸಿದರು.

ಮುಂಡರಗಿ ಶೂಟಿಂಗ್ ನಡೆದಿದೆ. ಭೀಮೇಶ ಈಗಲೂ ಅವರ ಸಾಮಾನು ಹೊರುತ್ತಾನೆ. ಕ್ಯಾಪ್ಟನ್ ಪಾತ್ರಕ್ಕೆ ಬೆಟಗೇರಿಯ ಹುಡುಗಿ ಬಂದಿದ್ದಾಳಂತೆ. ಹೇಗೆ ಆಡುತ್ತಾಳೆ ಅಂತ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಏಪ್ರಿಲ್ ೪, ಶುಕ್ರವಾರ. ರಾತ್ರಿ ಊಟಕ್ಕೆ ಮೊದಲು

ಟಿಆರ್‌ಪಿ ಇಲ್ಲ ಅಂತ ಜಲ್ದಿ ಮುಗಿಸಿದರು. ಇವತ್ತೇ ಕೊನೆ. ಆಣೆಯ ದಿನದಿಂದ ಅತ್ತೆ ಈ ಸೀರಿಯಲ್ ಹಚ್ಚಿರಲಿಲ್ಲ. ಇವತ್ತು ಹಚ್ಚಿದರು. “ದುರಗಿ ಏನಾದ್ಲೋ ನೋಡೂನು. ನೀನೂ ಕುಂದರ ಬಾ.”

ಮೊದಲ ಸಲ ಅವರ ಪಕ್ಕದಲ್ಲಿ ಕೂತು ನೋಡಿದೆ. ಭೀಮೇಶ ಆಚೆ ಬದಿ ಶೇಂಗಾ ಸುಲಿಯುತ್ತಿದ್ದ. ಫೈನಲ್ಲು. ಓಡುತ್ತಿದ್ದದ್ದು ಯಾರೋ ಹೊಸಬಳು. ಅತ್ತೆಯೇ ಅಂದರು, “ಈಕಿ ಅಲ್ಲ ಆಕಿ. ಕಾಲು ಭಾರ ಅದಾವು.”

ಕೊನೆಯ ರೇಡು. ಮುಂಡರಗಿಯಲ್ಲಿ ಕೆಂಪು ಮಣ್ಣು ತರಿಸಿರಲಿಲ್ಲ; ಆ ಕರಿಮಣ್ಣು ಒಮ್ಮೆಲೇ ಕೆಂಪಾಯಿತು. ಲಕ್ಷ್ಮೇಶ್ವರದ ಹಳೇ ಶಾಟು ಹಾಕಿದ್ದರು. ಏಳು ನಂಬರು. ಎಡ ಹೆಗಲು ಇಳಿಯಿತು, ಒಳಗೆ ನುಗ್ಗಿದೆ. ಎಷ್ಟು ಚೆನ್ನಾಗಿ ಆಡುತ್ತಿದ್ದೆ ನಾನು! ನನಗೇ ಗೊತ್ತಿರಲಿಲ್ಲ.

ಅತ್ತೆ ಮುಂದಕ್ಕೆ ಬಾಗಿದರು. “ನೇತ್ರಾ… ಇದು ನೀ ಅಲ್ಲೇನ?”

ದನಿಯಲ್ಲಿ ಸಿಟ್ಟಿರಲಿಲ್ಲ.

“ಕೊಡ ಹೊತ್ತ ಬರೂಮುಂದ ಹಿಂಗ ಹೆಗಲ ಇಳಸತಿ ನೋಡು ನೀ. ಎಡಗಡೆದು.”

ಆರು ವರ್ಷ ಕಿಟಕಿಯಿಂದ ನೋಡಿದ್ದಾರೆ. ಶೇಂಗಾ ಸುಲಿಯುವ ಸದ್ದು ನಿಂತಿತ್ತು. ಹೌದು ಅನ್ನಬಹುದಿತ್ತು. ಅಂದರೆ ಕಾಲುಂಗುರ ತೆಗೆದದ್ದು ಹೌದು, ಅವರ ಮಗನ ತಲೆ ಮುಟ್ಟಿ ಆಡಿದ ಸುಳ್ಳೂ ಹೌದು.

“ಅಲ್ರಿ ಅತ್ತಿ. ನಾ ಹೋಗಿದ್ದು ಒಂದ ದಿನಾ.”

ಮತ್ತೆ ಗೋಡೆಗೆ ಒರಗಿದರು. “ಹೌದ ಬಿಡು. ನಿನಗೆಲ್ಲೆ ಬರತೈತಿ ಇಷ್ಟ ಚಂದ ಆಡಾಕ.”

ದುರಗಿ ಗೆದ್ದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಏಪ್ರಿಲ್ ೫, ಶನಿವಾರ. ಬೆಳಿಗ್ಗೆ

ನಲ್ಲಿ ಬಂದಿದೆ. ಅತ್ತೆ ಕಿಟಕಿಯ ಹತ್ತಿರ ಕೂತಿದ್ದಾರೆ, ಎಲೆ ಅಡಿಕೆ ತಟ್ಟೆ ಹಿಡಿದು. ಎಡ ಹೆಗಲು ನೆಟ್ಟಗೆ ಇಟ್ಟು ನಡೆಯುವುದು ಕಲಿಯಬೇಕು ಇನ್ನು. ಈಗಷ್ಟೇ ಒಳಗೆ ಖಾಲಿ ಕೊಡ ಹೊತ್ತು ನೋಡಿದೆ, ಬರುತ್ತದೆ. ತುಂಬಿದ ಕೊಡಕ್ಕೆ ಮಾತ್ರ…

ಕರೆಯುತ್ತಿದ್ದಾರೆ. ಬಲಗಡೆ ಹೊತ್ತರೆ…